ಆಯಸ್ಕಾಂತಕ್ಕೆ ಅಂಟುತ್ತದೆ, ಐದನೇ ಸಲಕ್ಕೆ ಸೋಲುತ್ತದೆ: ತೆಂಗಿನ ಪರಟಿಯ ಕ್ಯಾಟಲಿಸ್ಟ್ ಬಗ್ಗೆ ಒಂದು ಪ್ರಶ್ನೆ

ಕೊಥ್ರೂಡ್ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು, ಇಲ್ಲೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ಇಬ್ಬರು ಎಂಎಸ್ಸಿ ಹುಡುಗಿಯರು ತೆಂಗಿನ ಪರಟಿಯಿಂದ ಒಂದು ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ರಿಯಾಕ್ಷನ್ ಚುರುಕು ಮಾಡುವ ಪುಡಿ, ಮಾಡುತ್ತಿದ್ದಾರೆ. ಕರಾವಳಿಯವರು ಇದಕ್ಕೆ ಗೆರಟೆ ಅಂತೀರಿ, ಅಲ್ವಾ? ಕೆಲಸ ಚೆನ್ನಾಗಿಯೇ ಶುರುವಾಯಿತು. ಈಗ ಒಂದು ಕಡೆ ಸಿಕ್ಕಿಬಿದ್ದಿದ್ದೇವೆ. ಇಲ್ಲಿ ಲ್ಯಾಬಿನಲ್ಲಿ, ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ನಾವು ಮಾಡಿದ್ದು ಇಷ್ಟು. ಖಾನಾವಳಿಯಿಂದ ತಂದ ಪರಟಿಯನ್ನು ತೊಳೆದು, ಒಣಗಿಸಿ, ಕುಟ್ಟಿ ಪುಡಿ ಮಾಡಿದೆವು. ನೈಟ್ರೋಜನ್ ಹರಿಸುತ್ತ 500 ಡಿಗ್ರಿಯಲ್ಲಿ ಕಾಯಿಸಿದೆವು. ಗಾಳಿ ಸಿಗದ ಕಾರಣ ಅದು ಸುಟ್ಟು ಬೂದಿಯಾಗಲಿಲ್ಲ, ಇದ್ದಿಲಾಯಿತು. ಆ ಇದ್ದಿಲನ್ನು ಕಬ್ಬಿಣದ ಎರಡು ಲವಣಗಳ ನೀರಿನಲ್ಲಿ ನೆನೆಸಿದೆವು. ಫೆರಿಕ್ ಎರಡು ಪಾಲು, ಫೆರಸ್ ಒಂದು ಪಾಲು. ಅಮೋನಿಯಾ ಹಾಕಿದ ಕೂಡಲೇ ಇದ್ದಿಲಿನ ಮೇಲೆಯೇ ಕಪ್ಪು ಮ್ಯಾಗ್ನೆಟೈಟ್, ಅಂದರೆ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ಕೂತುಕೊಳ್ಳುತ್ತದೆ. ಕೊನೆಗೆ ಕೋಬಾಲ್ಟ್ ಲವಣ ಹೀರಿಸಿ, ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಕೋಬಾಲ್ಟ್ ಸಣ್ಣ ಸಣ್ಣ ಕಣಗಳಾಗಿ ಅಲ್ಲೇ ಉಳಿಯುತ್ತದೆ. ನಿಜವಾದ ಕೆಲಸಗಾರ ಈ ಕೋಬಾಲ್ಟ್. ಇದ್ದಿಲು ಅದಕ್ಕೆ ಮನೆ. ಮ್ಯಾಗ್ನೆಟೈಟ್ ಅದನ್ನು ವಾಪಸ್ ಕರೆತರುವ ಹಗ್ಗ.

ಪರೀಕ್ಷೆಗೆ 4-ನೈಟ್ರೋಫೀನಾಲ್ ಎಂಬ ವಿಷದ ರಾಸಾಯನಿಕ ತೆಗೆದುಕೊಂಡೆವು. ಕ್ಯಾಟಲಿಸ್ಟ್ ಇದ್ದರೆ ಬೋರೋಹೈಡ್ರೈಡ್ ಅದನ್ನು ಬಣ್ಣವಿಲ್ಲದ 4-ಅಮೈನೋಫೀನಾಲ್ ಮಾಡುತ್ತದೆ. ಇದರ ತೆಳು ಹಳದಿ ನೀರಿಗೆ ಬೋರೋಹೈಡ್ರೈಡ್ ಹಾಕಿದರೆ ಹಳದಿ ಗಾಢವಾಗುತ್ತದೆ. ಸುಮ್ನೆ ಬಿಟ್ಟರೆ ಗಂಟೆಗಟ್ಟಲೆ ಹಾಗೇ ಇರುತ್ತದೆ. ನಮ್ಮ ಕಪ್ಪು ಪುಡಿ ಒಂದು ಚಿಟಿಕೆ ಹಾಕಿದಾಗ ಆರು ನಿಮಿಷಕ್ಕೆ ನೀರು ತಿಳಿಯಾಯಿತು. ಹುಡುಗಿಯರ ಮುಖ ನೋಡಬೇಕಿತ್ತು! ಬೀಕರಿನ ಹೊರಗೆ ಮ್ಯಾಗ್ನೆಟ್ ಹಿಡಿದರೆ ಪುಡಿಯೆಲ್ಲ ಗೋಡೆಗೆ ಓಡಿ ಬಂದು ಅಂಟಿತು. ನೀರು ಚೆಲ್ಲಿ, ಪುಡಿ ತೊಳೆದು, ಮತ್ತೆ ಬಳಸಿದೆವು. ಎರಡನೇ ಸಲ ಸರಿ. ಮೂರನೇ ಸಲ ಸ್ವಲ್ಪ ನಿಧಾನ. ಐದನೇ ಸಲಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಮ್ಯಾಗ್ನೆಟ್ ಈಗಲೂ ಎಳೆಯುತ್ತದೆ. ಕೆಲಸ ಮಾತ್ರ ಕುಸಿದಿದೆ. "ಮರುಬಳಕೆ ಮಾಡಬಹುದು" ಅಂತ ರಿಪೋರ್ಟಿನಲ್ಲಿ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಮಾಟುಂಗಾ ಲ್ಯಾಬ್:

ಮೇಡಂ, ನಾನು ಮುಂಬೈಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇಂಥದ್ದೇ ವಿಷಯ. ಮೊದಲು ಒಂದು ಪ್ರಶ್ನೆ. ಕಲಕುವುದಕ್ಕೆ ಮ್ಯಾಗ್ನೆಟಿಕ್ ಸ್ಟರರ್ ಬಳಸಿದಿರಾ?

ಕೊಥ್ರೂಡ್ ಟೀಚರ್:

ಹೌದು. ನಮ್ಮಲ್ಲಿ ಇರುವುದು ಅದೊಂದೇ.

ಮಾಟುಂಗಾ ಲ್ಯಾಬ್:

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. ಒಳಗೆ ತಿರುಗುವ ಬಿಳಿ ಕಡ್ಡಿಯೂ ಆಯಸ್ಕಾಂತ ಅಲ್ವಾ? ನಿಮ್ಮ ಪುಡಿ ನೀರಿನಲ್ಲಿ ಹರಡುವ ಬದಲು ಅದಕ್ಕೇ ಮೆತ್ತಿಕೊಳ್ಳುತ್ತದೆ. ಮುದ್ದೆಯ ಒಳಗಿನ ಕಣಗಳಿಗೆ ನೈಟ್ರೋಫೀನಾಲ್ ತಲುಪುವುದೇ ಇಲ್ಲ. ತೊಳೆಯುವಾಗ ಕಡ್ಡಿಯ ಜೊತೆ ಒಂದಿಷ್ಟು ಪುಡಿ ಹೋಗಿಬಿಡುತ್ತದೆ. ಮೇಲಿಂದ ಇಳಿಬಿಡುವ ಮೋಟಾರ್ ರೆಕ್ಕೆ ಬಳಸಿ, ಇಲ್ಲವೇ ಶೇಕರ್ ಮೇಲೆ ಇಡಿ. ನಾನು ಈ ಪಾಠ ಕಲಿಯಲು ಎರಡು ತಿಂಗಳು ಕಳೆದೆ.

ಎರಡನೆಯದು ತೂಕ. 20 ಮಿಲಿಗ್ರಾಂನಿಂದ ಶುರು ಮಾಡಿ ಐದು ಸಲ ತೊಳೆದು ಒಣಗಿಸಿದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಪ್ರತಿ ಸಲ ಒಂದೆರಡು ಮಿಲಿಗ್ರಾಂ ಪಾತ್ರೆಗೆ, ಟಿಷ್ಯೂಗೆ ಹೋಗುತ್ತದೆ. ಪುಡಿಯೇ ಕಮ್ಮಿಯಾಗಿದ್ದರೆ ಕ್ಯಾಟಲಿಸ್ಟ್ ಸತ್ತಿದೆ ಅಂತ ಹೇಳುವ ಹಾಗಿಲ್ಲ. ಪ್ರತಿ ಸಲ ತೂಗಿ, ಅದಕ್ಕೆ ತಕ್ಕಂತೆ ನೀರು ಮತ್ತು ನೈಟ್ರೋಫೀನಾಲ್ ಕಮ್ಮಿ ಮಾಡಿ.

ಮೂರನೆಯದನ್ನು ದಯವಿಟ್ಟು ಬಿಡಬೇಡಿ. ಬಣ್ಣ ಹೋಯಿತು ಅಂದರೆ ರಿಯಾಕ್ಷನ್ ಆಯಿತು ಅಂತಲ್ಲ. ಪರಟಿಯ ಇದ್ದಿಲು ಬಣ್ಣ ಹೀರುವುದರಲ್ಲಿ ನಿಸ್ಸೀಮ. ವಾಟರ್ ಫಿಲ್ಟರಿನಲ್ಲಿ ಅದನ್ನು ಹಾಕುವುದೇ ಅದಕ್ಕೆ. ಮೊದಲ ಸಲ ಅದು ಹಳದಿಯನ್ನು ಹೊಟ್ಟೆಗೆ ಹಾಕಿಕೊಂಡಿರಬಹುದು. ಐದನೇ ಸಲಕ್ಕೆ ಹೊಟ್ಟೆ ತುಂಬಿರಬಹುದು. ನೀರು ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ತೋರಿಸುವ ಸ್ಪೆಕ್ಟ್ರೋಮೀಟರಿನಲ್ಲಿ, ನೈಟ್ರೋಫೀನಾಲಿನ 400 ನ್ಯಾನೋಮೀಟರಿನ ಗುಡ್ಡ ಇಳಿಯುವಾಗ 300ರ ಹತ್ತಿರ ಹೊಸ ಗುಡ್ಡ ಏಳುತ್ತಿದೆಯಾ ನೋಡಿ. ಅದು 4-ಅಮೈನೋಫೀನಾಲ್. ಅದು ಎದ್ದರೆ ಮಾತ್ರ ನಿಜವಾದ ಬದಲಾವಣೆ. ಕೋಬಾಲ್ಟ್ ಇಲ್ಲದ ಬರೀ ಇದ್ದಿಲು, ಬರೀ ಮ್ಯಾಗ್ನೆಟೈಟ್ ಹಾಕಿದ ಇದ್ದಿಲು, ಎರಡನ್ನೂ ಪಕ್ಕದಲ್ಲಿ ಇಟ್ಟು ಹೋಲಿಸಿ.

ಪಿಂಪ್ರಿ ವರ್ಕ್‌ಶಾಪ್:

ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಗಾಡಿ ರಿಪೇರಿ ಮಾಡುವವನು, ಊರು ಬೆಳಗಾವಿ ಹತ್ತಿರ. ಇದೇ ಬೋರೋಹೈಡ್ರೈಡ್ ನೀರಿಗೆ ಹಾಕಿದರೆ ಹೈಡ್ರೋಜನ್ ಬರುತ್ತದೆ, ನಿಮ್ಮಂಥ ಪುಡಿ ಹಾಕಿದರೆ ಬೇಗ ಬರುತ್ತದೆ ಅಂತ ವಿಡಿಯೋ ನೋಡಿದೆ. ಸಿಲಿಂಡರ್ ಬೇಡ, ಪುಡಿಯ ಡಬ್ಬಿ ಸಾಕು ಅಂತ ಹೇಳುತ್ತಿದ್ದರು. ನಿಜವಾ? ಗಾಡಿಗೆ ಆಗುತ್ತದಾ?

ಕೊಥ್ರೂಡ್ ಟೀಚರ್:

ಒಳ್ಳೆಯ ಪ್ರಶ್ನೆ ಕೇಳಿದಿರಿ ಅಣ್ಣಾ. ನಮ್ಮ ಪ್ರಾಜೆಕ್ಟಿನ ಇನ್ನೊಂದು ಅರ್ಧ ಅದೇ.

ಹೈಡ್ರೋಜನ್ ಬರುವುದು ನಿಜ. ಒಂದು ಗ್ರಾಂ ಸೋಡಿಯಂ ಬೋರೋಹೈಡ್ರೈಡಿನಿಂದ ನಮ್ಮ ಕೋಣೆಯ ಬಿಸಿಗೆ ಸುಮಾರು 2.6 ಲೀಟರ್ ಸಿಗುತ್ತದೆ. ಅದರಲ್ಲಿ ಅರ್ಧ ಹೈಡ್ರೋಜನ್ ಬೋರೋಹೈಡ್ರೈಡಿನದು, ಅರ್ಧ ನೀರಿನದು. ಇದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಬರೀ ನೀರಿಗೆ ಹಾಕಿದರೆ ಸ್ವಲ್ಪ ಬುರುಬುರು ಬಂದು ನಿಧಾನವಾಗುತ್ತದೆ, ಯಾಕೆಂದರೆ ನೀರು ತಾನೇ ಕ್ಷಾರವಾಗುತ್ತ ಹೋಗುತ್ತದೆ. ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸಿದರೆ ದ್ರಾವಣವನ್ನು ಇಟ್ಟುಕೊಳ್ಳಬಹುದು. ಕ್ಯಾಟಲಿಸ್ಟ್ ಮುಟ್ಟಿಸಿದಾಗ ಗ್ಯಾಸ್, ಹೊರಗೆ ತೆಗೆದರೆ ಬಹುಪಾಲು ನಿಲುಗಡೆ. ಅಂದರೆ ಮ್ಯಾಗ್ನೆಟಿನಿಂದ ಎಳೆಯಬಹುದಾದ ಪುಡಿ ಒಂದು ನಲ್ಲಿಯ ಹಾಗೆ ಕೆಲಸ ಮಾಡುತ್ತದೆ. ರುಥೇನಿಯಂ ಇನ್ನೂ ಚುರುಕು, ಆದರೆ ಬಹಳ ದುಬಾರಿ. ಅದಕ್ಕೇ ಎಲ್ಲರೂ ಕೋಬಾಲ್ಟ್, ನಿಕಲ್ ಹಿಂದೆ ಬಿದ್ದಿರುವುದು.

ಗಾಡಿಯ ಲೆಕ್ಕ ನೋಡಿ. ಹೈಡ್ರೋಜನ್‌ನಿಂದ ಕರೆಂಟ್ ಮಾಡಿಕೊಂಡು ಓಡುವ ಫ್ಯುಯೆಲ್ ಸೆಲ್ ಕಾರು ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 100 ಕಿಲೋಮೀಟರ್ ಓಡುತ್ತದೆ. ಒಂದು ಕೆಜಿ ಬೇಕೆಂದರೆ 4.7 ಕೆಜಿ ಬೋರೋಹೈಡ್ರೈಡ್ ಬೇಕು, ಕಮ್ಮಿ ಎಂದರೂ 4.5 ಕೆಜಿ ನೀರು. ಕೊನೆಗೆ ಟ್ಯಾಂಕಿನಲ್ಲಿ 8.2 ಕೆಜಿ ಸೋಡಿಯಂ ಮೆಟಾಬೋರೇಟ್ ಉಳಿಯುತ್ತದೆ. ಅದು ಗಟ್ಟಿಯಾಗಿ ಪೈಪ್ ಕಟ್ಟದಿರಲಿ ಅಂತ ನೀರು ಇನ್ನೂ ಜಾಸ್ತಿ ಹಾಕಬೇಕು. ಆ ಬೋರೇಟನ್ನು ಮತ್ತೆ ಬೋರೋಹೈಡ್ರೈಡ್ ಮಾಡುವುದಕ್ಕೆ ವಿಪರೀತ ಶಕ್ತಿ ಬೇಕು. ಇದನ್ನು ದೊಡ್ಡವರು ಪ್ರಯತ್ನಿಸಿ ನೋಡಿದ್ದಾರೆ. 2001ರಲ್ಲಿ ಡೈಮ್ಲರ್‌ಕ್ರೈಸ್ಲರ್ ನೇಟ್ರಿಯಂ ಎಂಬ ವ್ಯಾನ್ ಮಾಡಿ ತೋರಿಸಿತು. 2007ರಲ್ಲಿ ಅಮೆರಿಕದ ಇಂಧನ ಇಲಾಖೆ, ಕಾರಿನಲ್ಲಿ ಹೈಡ್ರೋಜನ್ ಇಟ್ಟುಕೊಳ್ಳಲು ಈ ದಾರಿ ಬೇಡ ಅಂತ ಶಿಫಾರಸು ಮಾಡಿತು.

ಇನ್ನೊಂದು ಮಾತು. ಬೋರೋಹೈಡ್ರೈಡ್ ಮಾಡಲು ಸೋಡಿಯಂ ಲೋಹ ಬೇಕು, ಅದನ್ನು ಉಪ್ಪು ಕರಗಿಸಿ ಕರೆಂಟ್ ಹರಿಸಿ ತೆಗೆಯುತ್ತಾರೆ. ಹಾಗಾಗಿ ಪರಟಿ ಹಾಕಿದ ಮಾತ್ರಕ್ಕೆ ಈ ಹೈಡ್ರೋಜನ್ ಹಸಿರಾಗುವುದಿಲ್ಲ. ಕೇಂದ್ರ ಸರ್ಕಾರದ ಗ್ರೀನ್ ಹೈಡ್ರೋಜನ್ ಮಿಷನ್ 2023ರಲ್ಲಿ ಶುರುವಾದಾಗ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಿತ್ತು. ಅದರ ಮುಖ್ಯ ದಾರಿ ಸೌರ, ಗಾಳಿ ಕರೆಂಟಿನಿಂದ ನೀರು ಒಡೆಯುವುದು. ನಮ್ಮ ಪುಡಿಯ ಜಾಗ ಚಿಕ್ಕದು. ಕರೆಂಟ್ ಇಲ್ಲದ ಕಡೆ ಸಣ್ಣ ಉಪಕರಣ ನಡೆಸುವುದು, ತುರ್ತಿಗೆ ಒಂದಿಷ್ಟು ಗ್ಯಾಸ್, ಅಂಥದ್ದು. ಅದನ್ನು ಹಾಗೆಯೇ ಹೇಳಬೇಕು ಅಂತ ನನ್ನ ಹಟ.

ಪಿಂಪ್ರಿ ವರ್ಕ್‌ಶಾಪ್:

ಅರ್ಥವಾಯಿತು ಮೇಡಂ. 8 ಕೆಜಿ ಕಸ ಹೊತ್ತು ತಿರುಗುವುದು ಗಾಡಿಗೆ ಸರಿಹೋಗಲ್ಲ. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ.

ಡೊಂಬಿವಲಿ ಅಜ್ಜ:

ಟೀಚರಮ್ಮಾ, ನಾನು ಡೈ (ಬಣ್ಣ) ಮತ್ತು ಅದಕ್ಕೆ ಬೇಕಾದ ಇಂಟರ್ಮೀಡಿಯೆಟ್ ರಾಸಾಯನಿಕಗಳ ಫ್ಯಾಕ್ಟರಿಯಲ್ಲಿ ಮೂವತ್ತೆರಡು ವರ್ಷ ದುಡಿದವನು. ಹುಟ್ಟೂರು ಕುಂದಾಪುರದ ಕಡೆ. ನೀವು ಬೀಕರಿನಲ್ಲಿ ಮಾಡುತ್ತಿರುವ ಕೆಲಸವನ್ನೇ ನಾವು ದೊಡ್ಡ ಕೆಟಲ್‌ನಲ್ಲಿ ಮಾಡುತ್ತಿದ್ದೆವು. ನೈಟ್ರೋವನ್ನು ಅಮೈನ್ ಮಾಡುವುದು, ನಿಮ್ಮ ನೈಟ್ರೋಫೀನಾಲ್ ಅಮೈನೋಫೀನಾಲ್ ಆಗುವ ಹಾಗೆ. ನಾನು ಸೇರಿದಾಗ ಬೆಷಾಂ ಪದ್ಧತಿ ಇತ್ತು. 1854ರಷ್ಟು ಹಳೆಯದು. ಬೀಡು ಕಬ್ಬಿಣದ ಪುಡಿ, ಸ್ವಲ್ಪ ಆಸಿಡ್, ಸ್ಟೀಮ್. ಅಮೈನ್ ಚೆನ್ನಾಗಿ ಬರುತ್ತದೆ. ಜೊತೆಗೆ ಬರುವ ಕಬ್ಬಿಣದ ಕೆಸರು ನೋಡಿದರೆ ಎದೆ ಒಡೆಯುತ್ತದೆ. ಲಾರಿಗಟ್ಟಲೆ. ಕಪ್ಪು, ಬಿಸಿ, ಅಮೈನ್ ವಾಸನೆ. ಅದನ್ನು ಸಲಿಕೆಯಲ್ಲಿ ಎಳೆಯುತ್ತಿದ್ದ ಹುಡುಗರ ಕೈ ನನಗೆ ಇನ್ನೂ ನೆನಪಿದೆ.

ಆಮೇಲೆ ಹೈಡ್ರೋಜನ್ ಗ್ಯಾಸ್ ಹಾಕಿ ರೇನೀ ನಿಕಲ್, ಪಲ್ಲೇಡಿಯಂ ಇದ್ದಿಲು ಎಂಬ ಕ್ಯಾಟಲಿಸ್ಟ್‌ಗಳನ್ನು ಬಳಸುವುದು ಬಂತು. ಕೆಸರು ಹೋಯಿತು, ಬೇರೆ ಭಯ ಬಂತು. ಫಿಲ್ಟರ್ ಬಿಚ್ಚುವ ಹೊತ್ತು. ಹಸಿ ಇರುವವರೆಗೆ ಕ್ಯಾಟಲಿಸ್ಟ್ ಸುಮ್ಮನಿರುತ್ತದೆ. ಅಂಚಿನಲ್ಲಿ ಒಂದು ಚೂರು ಒಣಗಿ ಗಾಳಿ ತಾಗಿದರೆ ಕೆಂಡವಾಗುತ್ತದೆ. ಪಕ್ಕದಲ್ಲಿ ಸಾಲ್ವೆಂಟ್. ನಾನಿದ್ದ ಒಂದು ಕಾರ್ಖಾನೆಯಲ್ಲಿ ಹಾಗೆ ಬೆಂಕಿ ಬಿದ್ದು ಇಬ್ಬರ ಮುಖ ಸುಟ್ಟಿತು. ಅದಕ್ಕೇ ಆಯಸ್ಕಾಂತಕ್ಕೆ ಬರುವ ಕ್ಯಾಟಲಿಸ್ಟ್ ಅಂದಾಗ ನನಗೆ ಮೊದಲು ಹೊಳೆದದ್ದು ಉಳಿತಾಯವಲ್ಲ. ಫಿಲ್ಟರ್ ಬಿಚ್ಚುವುದೇ ಬೇಡ, ಪಾತ್ರೆಯ ಹೊರಗಿನಿಂದ ಹಿಡಿದು ನಿಲ್ಲಿಸಿ ದ್ರವ ಇಳಿಸಿಬಿಡಬಹುದು, ಪುಡಿ ಸದಾ ಹಸಿಯಾಗಿಯೇ ಇರುತ್ತದೆ. ಕೆಲಸಗಾರನ ಮುಖ ಉಳಿಯುತ್ತದೆ. ನೀವು ರಿಪೋರ್ಟಿನಲ್ಲಿ ಇದನ್ನು ಬರೆಯಿರಿ.

ಅಂದ ಹಾಗೆ, ಪರಟಿಯ ಇದ್ದಿಲಿನ ಮೇಲೆ ಲೋಹ ಕೂರಿಸುವುದು ಹೊಸದೇನಲ್ಲ. ನಮ್ಮ ಪಲ್ಲೇಡಿಯಂ ಇದ್ದಿಲೂ ತೆಂಗಿನ ಗೆರಟೆಯದ್ದೇ ಆಗಿತ್ತು. ಹೊಸದು ಅಂದರೆ ಆ ಹಗ್ಗ.

ಎರಡು ಕಷ್ಟ ಹೇಳುತ್ತೇನೆ, ಬೇಜಾರು ಮಾಡಬೇಡಿ. ಒಂದು, ನಿಮ್ಮ ಹಳದಿ ನೀರು ಶುದ್ಧ. ನಮ್ಮ ಫ್ಯಾಕ್ಟರಿಯ ಎಫ್ಲುಯೆಂಟ್, ಹೊರಬರುವ ಕೊಳಕು ನೀರು, ಅಂದರೆ ಉಪ್ಪು, ಸಲ್ಫೈಡ್, ಎಣ್ಣೆ, ಹತ್ತು ಬಣ್ಣ. ಗಂಧಕ ಮುಟ್ಟಿದರೆ ಕೋಬಾಲ್ಟ್ ಮಲಗಿಬಿಡುತ್ತದೆ. ಕೊಳಕು ನೀರಿನಲ್ಲಿ ಒಂದು ಸಲವಾದರೂ ಮಾಡಿ ನೋಡಿ. ಎರಡು, ನೈಟ್ರೋ ಹೋಗಿ ಅಮೈನ್ ಆದರೆ ನೀರು ಶುದ್ಧವಾಗಲಿಲ್ಲ. ಅಮೈನೋಫೀನಾಲ್ ಕೂಡ ವಿಷವೇ. ಮೀಥೈಲ್ ಆರೆಂಜ್ ಬಣ್ಣ ಒಡೆದರೂ ಅಮೈನ್‌ಗಳೇ ಉಳಿಯುತ್ತವೆ. ಒಂದು ಒಳ್ಳೆಯದಿದೆ. ನೈಟ್ರೋ ಇರುವುದನ್ನು ತಿನ್ನಲು ಒದ್ದಾಡುವ ಬ್ಯಾಕ್ಟೀರಿಯಾ, ಗಾಳಿ ಕೊಟ್ಟರೆ ಅಮೈನನ್ನು ಸುಲಭವಾಗಿ ತಿನ್ನುತ್ತವೆ. ಹಾಗಾಗಿ ನಿಮ್ಮದು ಮೊದಲ ಮೆಟ್ಟಿಲು. ನೀರು ತಿಳಿಯಾಗಿದ್ದು ನೋಡಿ ಯಾರೂ ಅದನ್ನು ಗಟಾರಕ್ಕೆ ಬಿಡಬಾರದು.

ಕೊಥ್ರೂಡ್ ಟೀಚರ್:

ಅಜ್ಜಾ, ನಿಮ್ಮ ಮಾತನ್ನು ನಾಳೆ ಕ್ಲಾಸಿನಲ್ಲಿ ಓದಿ ಹೇಳುತ್ತೇನೆ. ಫಿಲ್ಟರ್ ಬಿಚ್ಚುವ ಭಯ ನಮ್ಮ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಅಮೈನ್ ಜೊತೆ ಬೋರಾನ್ ಕೂಡ ಇದೆ. ನಾವು ಬೋರೋಹೈಡ್ರೈಡನ್ನು ನೈಟ್ರೋಫೀನಾಲಿನ ನೂರು ಪಟ್ಟು ಹಾಕುತ್ತೇವೆ. ಅದೆಲ್ಲ ಬೋರೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ನೀರಾವರಿಗೆ ಬಿಡುವ ನೀರಿನಲ್ಲಿ ಬೋರಾನ್ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು ಅಂತ ನಮ್ಮಲ್ಲಿ ಮಟ್ಟ ಇದೆ. ಜಾಸ್ತಿಯಾದರೆ ಎಲೆ ಅಂಚು ಸುಡುತ್ತದೆ.

ವಾಸ್ಕೋ ಹುಡುಗ:

ಅಕ್ಕಾ, ನಾನು ಗೋವಾದಿಂದ. ಮನೆಯವರು ಗದಗದಿಂದ ಇಲ್ಲಿಗೆ ಬಂದು ನೆಲೆಸಿದ್ದು. ನಾನು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ನಮ್ಮಲ್ಲಿ ದಿನವೂ ಸಿಗಡಿ ಸಿಪ್ಪೆ ರಾಶಿ ಬೀಳುತ್ತದೆ. ಎರಡು ತಾಸು ಬಿಸಿಲಿಗೆ ಬಿದ್ದರೆ ನಾರುವುದು ಹೇಳತೀರದು. ಮಾರ್ಚ್ ಬಂದರೆ ಹಳ್ಳಿ ಕಡೆ ಫೆಣಿ ತೆಗೆಯಲು ಗೇರುಹಣ್ಣು ತುಳಿದು ಉಳಿದ ಸಿಪ್ಪೆಯೂ ಹಾಗೇ. ಇವುಗಳಿಂದ ನಿಮ್ಮ ಕ್ಯಾಟಲಿಸ್ಟ್ ಆಗುವುದಿಲ್ಲವಾ? ಇಲ್ಲಿ ಮರಳಿನಲ್ಲಿ ಕಪ್ಪು ಕಣ ಸಿಗುತ್ತದೆ, ಚಿಕ್ಕವರಿದ್ದಾಗ ಮ್ಯಾಗ್ನೆಟಿಗೆ ಅಂಟಿಸಿ ಆಡುತ್ತಿದ್ದೆವು. ಅದನ್ನೇ ಹಾಕಬಹುದಾ?

ಮಾಟುಂಗಾ ಲ್ಯಾಬ್:

ಬ್ರದರ್, ಸಿಗಡಿ ಸಿಪ್ಪೆ ಬಂಗಾರ. ಪರಟಿಗಿಂತ ಅದೇ ಮೇಲು ಅಂತ ನನ್ನ ಅನಿಸಿಕೆ. ಆಸಿಡಿನಲ್ಲಿ ಅದರ ಸುಣ್ಣ ಕರಗಿಸಿ, ಕಾಸ್ಟಿಕ್ಕಿನಲ್ಲಿ ಪ್ರೋಟೀನ್ ತೆಗೆದರೆ ಕೈಟಿನ್ ಉಳಿಯುತ್ತದೆ. ಗಟ್ಟಿ ಕಾಸ್ಟಿಕ್ಕಿನಲ್ಲಿ ಬಿಸಿ ಮಾಡಿದರೆ ಕೈಟೋಸಾನ್. ಅದರ ಮೈತುಂಬ ಅಮೈನ್ ಗುಂಪುಗಳು. ಲೋಹದ ಅಯಾನುಗಳನ್ನು ಅವು ಕೈ ಹಿಡಿದು ಕೂರಿಸಿಕೊಳ್ಳುತ್ತವೆ. ಬರೀ ಇದ್ದಿಲಿನ ಮೇಲೆ ಕೋಬಾಲ್ಟ್ ಸುಮ್ನೆ ಕೂತಿರುತ್ತದೆ, ತೊಳೆದರೆ ಜಾರುತ್ತದೆ. ಕೈಟೋಸಾನ್ ಆಸಿಡಿನಲ್ಲಿ ಕರಗುತ್ತದೆ ಅನ್ನುವುದೊಂದು ದೋಷ. ಆದರೆ ಬೋರೋಹೈಡ್ರೈಡ್ ಯಾವಾಗಲೂ ಕ್ಷಾರದಲ್ಲೇ ಇರುವುದರಿಂದ ಇಲ್ಲಿ ಆ ತೊಂದರೆ ಇಲ್ಲ.

ಮರಳಿನ ಕಣದಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಇಲ್ಮೆನೈಟ್ ಮುಂತಾದ ಬೇರೆ ಖನಿಜಗಳೂ ಬೆರೆತಿರುತ್ತವೆ. ಕಣವೂ ನ್ಯಾನೋಗಿಂತ ಸಾವಿರಾರು ಪಟ್ಟು ದೊಡ್ಡದು, ತಳಕ್ಕೆ ಕೂತುಬಿಡುತ್ತದೆ. ಮ್ಯಾಗ್ನೆಟೈಟ್ ಸುಮಾರು 20 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಒಂದು ಸೊಗಸಿದೆ. ಮ್ಯಾಗ್ನೆಟ್ ಹತ್ತಿರ ಇದ್ದಾಗ ಮಾತ್ರ ಅದು ಆಯಸ್ಕಾಂತ. ದೂರ ತೆಗೆದರೆ ಮರೆತುಬಿಡುತ್ತದೆ, ಒಂದಕ್ಕೊಂದು ಅಂಟದೆ ಮತ್ತೆ ನೀರಿನಲ್ಲಿ ಹರಡುತ್ತದೆ. ತೀರಾ ಚಿಕ್ಕದಾದರೆ ಎಳೆತ ಸಾಲದು, ಬೀಕರಿನಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಅದಕ್ಕೇ ಇಂಥ ಚಿಕ್ಕ ಕಣಗಳನ್ನು ಇದ್ದಿಲಿನ ದೊಡ್ಡ ಚೂರಿಗೆ ಕಟ್ಟಿಹಾಕುವುದು.

ಚೆಂಬೂರು ಅಮ್ಮ:

ನಿಮ್ಮ ಮಾತೆಲ್ಲ ಓದಿದೆ. ಮಗ ಒಂಬತ್ತನೇ ಕ್ಲಾಸು. ಶಾಲೆಯ ಎಕ್ಸಿಬಿಷನ್ನಿಗೆ ಇದೇ ಮಾಡುತ್ತೇನೆ, ಆ ಬೋರೋಹೈಡ್ರೈಡ್ ಪುಡಿ ಆನ್‌ಲೈನಿನಲ್ಲಿ ತರಿಸು ಅಂತ ಹಟ ಹಿಡಿದಿದ್ದಾನೆ. ಮನೆಯಲ್ಲಿ ಮಾಡಬಹುದಾ?

ಮಾಟುಂಗಾ ಲ್ಯಾಬ್:

ಅಮ್ಮಾ, ಬೋರೋಹೈಡ್ರೈಡ್ ಮನೆಗೆ ತರಲೇಬೇಡಿ. ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಾನು ಮೊದಲಿದ್ದ ಒಂದು ಲ್ಯಾಬಿನಲ್ಲಿ ಯಾರೋ ಉಳಿದ ದ್ರಾವಣವನ್ನು ಬಾಟಲಿಗೆ ಸುರಿದು ಮುಚ್ಚಳ ಬಿಗಿದಿದ್ದರು. ರಾತ್ರಿ ಬಾಟಲಿ ಒಡೆದು ಗಾಜು ಗೋಡೆಗೆ ಚುಚ್ಚಿತ್ತು. ಹಗಲಾಗಿದ್ದರೆ ಅಲ್ಲಿ ನಾನೇ ಕೂತಿರುತ್ತಿದ್ದೆ.

ಅವನ ಆಸೆ ಒಳ್ಳೆಯದು, ಅದನ್ನು ಬಿಡಿಸಬೇಡಿ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ, ಹಸಿ ಆಲೂಗಡ್ಡೆ ಚೂರು ಹಾಕಲಿ. ಬುರುಬುರು ಆಕ್ಸಿಜನ್ ಬರುತ್ತದೆ. ಆಲೂಗಡ್ಡೆಯ ಕೆಟಲೇಸ್ ಕಿಣ್ವ ಅಲ್ಲಿ ಕ್ಯಾಟಲಿಸ್ಟ್. ಅದೇ ಚೂರನ್ನು ತೊಳೆದು ಹೊಸ ಪೆರಾಕ್ಸೈಡಿಗೆ ಹಾಕಿ, ಎಷ್ಟನೇ ಸಲಕ್ಕೆ ಗುಳ್ಳೆ ಕಮ್ಮಿಯಾಗುತ್ತದೆ ಅಂತ ಬರೆದುಕೊಳ್ಳಲಿ. ಟೀಚರ್ ಮೇಡಂ ಕೇಳಿದ ಪ್ರಶ್ನೆಯೇ ಅದು. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ನೀವಿರಿ.

ಚೆಂಬೂರು ಅಮ್ಮ:

ತುಂಬಾ ಉಪಕಾರವಾಯಿತು ತಮ್ಮಾ. ಆಲೂಗಡ್ಡೆ ಮನೆಯಲ್ಲೇ ಇದೆ.

ಕೊಥ್ರೂಡ್ ಟೀಚರ್:

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಹೇಳಿದ್ದನ್ನೆಲ್ಲ ಮಾಡಿದೆವು.

ಸ್ಟರರ್ ತೆಗೆದು ಶೇಕರ್ ಮೇಲೆ ಇಟ್ಟೆವು. ಮೊದಲ ಸಲವೇ ಆರು ನಿಮಿಷದ ಕೆಲಸ ನಾಲ್ಕಕ್ಕೆ ಮುಗಿಯಿತು. ತೂಕ ನೋಡಿದರೆ ಐದು ಸಲಕ್ಕೆ 20 ಮಿಲಿಗ್ರಾಂ 14ಕ್ಕೆ ಇಳಿದಿತ್ತು. ಆ ಲೆಕ್ಕ ಸರಿಪಡಿಸಿದ ಮೇಲೆ ಕುಸಿತ ಅರ್ಧ ಕಮ್ಮಿಯಾಯಿತು. 300ರ ಗುಡ್ಡ ಏಳುತ್ತಿದೆ, ಹಾಗಾಗಿ ರಿಯಾಕ್ಷನ್ ನಿಜ. ಆದರೆ ಬರೀ ಇದ್ದಿಲು ಕೂಡ ಸ್ವಲ್ಪ ಬಣ್ಣ ಹೀರುತ್ತದೆ, ಅದನ್ನು ಕಳೆದು ಬರೆಯುತ್ತಿದ್ದೇವೆ. ಬಿಸಿನೀರಿನಲ್ಲಿ ತೊಳೆದರೆ ಕಳೆದುಹೋದ ಚುರುಕು ಸ್ವಲ್ಪ ವಾಪಸ್ ಬರುತ್ತದೆ. ಮೈಮೇಲೆ ಬೋರೇಟ್ ಕೂತಿತ್ತು ಅಂತ ಅಂದುಕೊಂಡಿದ್ದೇವೆ.

ಇನ್ನೊಂದು ಪರೀಕ್ಷೆ ನಾವೇ ಸೇರಿಸಿದೆವು. ರಿಯಾಕ್ಷನ್ ಅರ್ಧಕ್ಕೆ ಬಂದಾಗ ಮ್ಯಾಗ್ನೆಟಿನಿಂದ ಪುಡಿ ಪೂರ್ತಿ ತೆಗೆದು, ಹಳದಿ ನೀರನ್ನು ಹಾಗೇ ಬಿಟ್ಟೆವು. ಪುಡಿ ಇಲ್ಲದಿದ್ದರೆ ಹಳದಿ ನಿಲ್ಲಬೇಕಿತ್ತು. ನಿಧಾನವಾಗಿ ಇಳಿಯುತ್ತಲೇ ಇತ್ತು. ಅಂದರೆ ಕೋಬಾಲ್ಟ್ ಬಿಟ್ಟುಕೊಂಡು ನೀರಿಗೆ ಹೋಗುತ್ತಿದೆ. ಮ್ಯಾಗ್ನೆಟಿಗೆ ಬಂದದ್ದು ಹಗ್ಗ ಮತ್ತು ಮನೆ. ಕೆಲಸಗಾರ ಒಬ್ಬೊಬ್ಬನೇ ಹೊರಟುಹೋಗುತ್ತಿದ್ದ. ಹುಡುಗಿಯರಲ್ಲಿ ಒಬ್ಬಳಿಗೆ ಅಳುವೇ ಬಂತು. ನನಗೆ ಮಾತ್ರ ಸಮಾಧಾನವಾಯಿತು, ಈಗ ಏನು ಸರಿ ಮಾಡಬೇಕು ಅಂತ ಗೊತ್ತಾಯಿತಲ್ಲ. ರಿಪೋರ್ಟಿನಲ್ಲಿ ಐದು ಸಲದ ಅಂಕಿಗಳನ್ನೂ, ಈ ಸೋರಿಕೆಯನ್ನೂ ಬರೆಯುತ್ತಿದ್ದೇವೆ. ಅಜ್ಜ ಹೇಳಿದ ಕೊಳಕು ನೀರಿನ ಪರೀಕ್ಷೆ ಮುಂದಿನ ವಾರ.

ವಾಸ್ಕೋ ತಮ್ಮಾ, ನಿನ್ನ ಸಿಗಡಿ ಸಿಪ್ಪೆ ಎರಡು ಕೆಜಿ ಸಿಗಬಹುದಾ? ಕೋಬಾಲ್ಟನ್ನು ಕೈ ಹಿಡಿದು ಕೂರಿಸುವುದು ಬೇಕಾಗಿದೆ.

ವಾಸ್ಕೋ ಹುಡುಗ:

ಅಕ್ಕಾ, ಎರಡೇನು, ಹತ್ತು ಕೆಜಿ ಕೊಡುತ್ತೇನೆ. ತೊಳೆದು ಉಪ್ಪು ತೆಗೆದು ತಗಡಿನ ಮೇಲೆ ಒಣ ಹಾಕಿದ್ದೇನೆ, ಇನ್ನು ಎರಡು ಬಿಸಿಲು ಸಾಕು. ಶುಕ್ರವಾರ ನಮ್ಮ ಮಾವ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಗೆ ಬರುತ್ತಾರೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಗೋಣಿ ಹಾಕಿ ಕಳಿಸುತ್ತೇನೆ. ಸ್ಟೇಷನ್ನಿಗೆ ಹುಡುಗಿಯರನ್ನು ಕಳಿಸಿ.